ಪೆಟ್ಟಿಗೆಯೊಳಗಿನ ಮಗು ನನ್ನದು ಅನ್ನಿಸುತ್ತಿಲ್ಲ, ತಡವಾಯಿತೇ?

ಪ್ರಶ್ನೆ: ಬಿ.ಪಿ. ಏರಿತೆಂದು ನನಗೆ 30 ವಾರಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, ಹುಟ್ಟಿದಾಗ ತೂಕ 1,250 ಗ್ರಾಂ. ನಾನು ಅವಳ ಮುಖ ನೋಡಿದ್ದು ಮೂರನೇ ದಿನ. ಇವತ್ತಿಗೆ 12 ದಿನ, ಇನ್ನೂ ಎನ್‌ಐಸಿಯುನಲ್ಲೇ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಗಾಜಿನ ಬೆಚ್ಚನೆ ಪೆಟ್ಟಿಗೆಯಲ್ಲಿ ಇದ್ದಾಳೆ. ಉಸಿರಾಟದ ಯಂತ್ರ ತೆಗೆದಿದ್ದಾರೆ, ಮೂಗಿಗೆ ಸಣ್ಣ ಆಕ್ಸಿಜನ್ ನಳಿಕೆ ಇದೆ, ಹಾಲು ಟ್ಯೂಬಿನಲ್ಲಿ ಕೊಡುತ್ತಾರೆ. ನಾನು ಅದೇ ಊರಿನ ತವರಿನಲ್ಲಿದ್ದೇನೆ. ಹಸಿ ಬಾಣಂತಿ ಗಾಳಿಗೆ ಓಡಾಡಬಾರದೆಂದು ಅಮ್ಮ ದಿನಕ್ಕೊಂದೇ ಸಲ ಕಳಿಸುತ್ತಾರೆ. ಹೋದರೂ ಪ್ರೇಕ್ಷಕಳ ಹಾಗೆ ಹತ್ತು ನಿಮಿಷ ನಿಂತು ಬರುತ್ತೇನೆ. ದಿನಕ್ಕೆ ಐದು ಸಲ ಹಾಲು ಹಿಂಡುತ್ತೇನೆ, ಒಂದು ಸಲಕ್ಕೆ 20 ಮಿಲಿ ಬಂದರೆ ಹೆಚ್ಚು. ಹೇಳಲು ನಾಚಿಕೆಯಾಗುತ್ತದೆ, ಈ ಮಗು ನನ್ನದು ಅಂತ ನನಗೆ ಅನ್ನಿಸುತ್ತಲೇ ಇಲ್ಲ. ಮೊದಲ ದಿನಗಳು ಕೈತಪ್ಪಿ ಹೋದವು. ಇನ್ನು ಆ ಬಾಂಧವ್ಯ ಬೆಳೆಯುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ತಡವಾಗಿಲ್ಲ. ನಾಚಿಕೆಪಡಬೇಕಾದ್ದೂ ಏನಿಲ್ಲ. ನೀವು ಬರೆದ ಮಾತನ್ನು ನಾನು ಎನ್‌ಐಸಿಯು ಬಾಗಿಲಲ್ಲಿ, ಕೈತೊಳೆಯುವ ಸಿಂಕಿನ ಪಕ್ಕದಲ್ಲಿ ಎಷ್ಟೋ ತಾಯಂದಿರಿಂದ ಕೇಳಿದ್ದೇನೆ. ಹೆಚ್ಚಿನವರು ನೇರವಾಗಿ ಹೇಳುವುದಿಲ್ಲ. "ನಿಮ್ಮ ಮಗು ಹೇಗಿದೆ ಮೇಡಂ" ಎಂದು ನನ್ನನ್ನೇ ಕೇಳಿಬಿಡುತ್ತಾರೆ. ಬಾಯಿತಪ್ಪಿ ಬಂದ ಮಾತಲ್ಲ ಅದು. ಮಗುವಿನ ತೂಕ ನೋಡುವವರು ವೈದ್ಯರು, ಸಿಸ್ಟರ್‌ಗಳಾದ ನಾವು, ಬಟ್ಟೆ ಬದಲಿಸುವವರು ನಾವು, ಹಾಲು ಎಷ್ಟು ಹಾಕಬೇಕೆಂದು ಬರೆಯುವವರು ನಾವು. ಹಾಗಾದರೆ ಮಗು ಯಾರದು?

ತಾಯ್ತನವೆಂದರೆ ಹೆರಿಗೆಯ ಕೊಠಡಿಯಲ್ಲಿ ಮಗುವಿನ ಮುಖ ಕಂಡ ತಕ್ಷಣ ಎದೆಯೊಳಗೆ ಉಕ್ಕಿ ಬರುವ ಒಂದು ಅಲೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ತಿಂಗಳು ತುಂಬಿ ಹೆತ್ತವರಲ್ಲೂ ಎಲ್ಲರಿಗೂ ಹಾಗಾಗುವುದಿಲ್ಲ. ನನ್ನ ಅನುಭವದಲ್ಲಿ ಮಮತೆ ಕೈಕೆಲಸದ ಬೆನ್ನು ಹತ್ತಿ ಬರುತ್ತದೆ. ಉಚ್ಚೆ ಬಟ್ಟೆ ಬದಲಿಸುತ್ತ, ಹಾಲಿಗೆ ಎಬ್ಬಿಸುತ್ತ, ಇವಳು ಬಿಕ್ಕಳಿಸಿದರೆ ಹೀಗೆ, ಮುಖ ಕಿವುಚಿದರೆ ಹೀಗೆ ಎಂದು ಗುರುತು ಹಿಡಿಯುತ್ತ ಒಂದು ದಿನ ಅದು ಬಂದು ಕೂತಿರುತ್ತದೆ. ನಿಮಗೆ ಈವರೆಗೆ ಆ ಕೆಲಸವನ್ನೇ ಯಾರೂ ಕೊಟ್ಟಿಲ್ಲ. ಹಾಗಾಗಿ ಈ ಉತ್ತರದ ಬಹುಭಾಗ ಕೆಲಸದ ಬಗ್ಗೆಯೇ ಇದೆ.

ಮೊದಲ ದಿನಗಳು ಕೈತಪ್ಪಿದವೆಂಬ ಭಯ ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್, ಹುಟ್ಟಿದ ಮೊದಲ ಕೆಲವು ಗಂಟೆಗಳು ತಾಯಿ-ಮಗುವಿನ ನಂಟಿಗೆ ಬಹಳ ಮುಖ್ಯವೆಂದು ವಾದಿಸಿದರು. ಅವರ ವಾದದಿಂದ ಒಂದು ದೊಡ್ಡ ಉಪಕಾರವಾಯಿತು, ಆಸ್ಪತ್ರೆಗಳು ತಾಯಂದಿರನ್ನು ಒಳಗೆ ಬಿಡತೊಡಗಿದವು. ಒಂದು ಅಪಕಾರವೂ ಆಯಿತು. ಆ ಗಂಟೆಗಳು ಸಿಗದ ತಾಯಂದಿರು ಎಲ್ಲ ಮುಗಿದೇ ಹೋಯಿತೆಂದು ಕೊರಗತೊಡಗಿದರು. ಮುಂದೆ ಅವರಿಬ್ಬರೇ ಆ ಮಾತನ್ನು ಸಡಿಲಿಸಿದರು. ಮನುಷ್ಯರಲ್ಲಿ ಈ ನಂಟು ವಾರಗಳು, ತಿಂಗಳುಗಳ ಕಾಲ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ದತ್ತು ಮಕ್ಕಳ ತಂದೆತಾಯಿಯರನ್ನು ನೋಡಿದ ಯಾರಿಗಾದರೂ ಇದು ಗೊತ್ತು.

"ಪ್ರೇಕ್ಷಕಳ ಹಾಗೆ" ಎಂದಿರಿ. ಆ ಪದ ಓದಿ ನನಗೊಂದು ಹಳೆಯ ಕಥೆ ನೆನಪಾಯಿತು. 1880ರ ಸುಮಾರಿಗೆ ಪ್ಯಾರಿಸ್‌ನ ಸ್ತೆಫಾನ್ ತಾರ್ನಿಯೆ ಎಂಬ ಹೆರಿಗೆ ವೈದ್ಯ ಅಲ್ಲಿನ ಮೃಗಾಲಯದಲ್ಲಿ ಕೋಳಿಮರಿ ಮಾಡಿಸುವ ಬೆಚ್ಚನೆ ಪೆಟ್ಟಿಗೆ ನೋಡಿ, ಅದೇ ಮಾದರಿಯಲ್ಲಿ ಕೂಸುಗಳಿಗೆ ಇನ್‌ಕ್ಯುಬೇಟರ್ ಮಾಡಿಸಿದ. ಅವನ ಶಿಷ್ಯ ಪಿಯೆರ್ ಬ್ಯುದಾಂ ಆ ಕಾಲದಲ್ಲೇ ಗಮನಿಸಿದ ಸಂಗತಿ ಎಂದರೆ, ಮಗುವಿಗೆ ತಾನು ಏನೂ ಮಾಡಲಾಗದ ತಾಯಿಗೆ ಕ್ರಮೇಣ ಮಗುವಿನ ಮೇಲಿನ ಆಸಕ್ತಿಯೇ ಇಳಿಯುತ್ತದೆ. ಅದಕ್ಕೇ ತಾಯಂದಿರು ಬಂದು ಹಾಲೂಡಿಸಲಿ ಎಂದು ಅವನು ಒತ್ತಾಯಿಸುತ್ತಿದ್ದ. ನಂತರ ಮಾರ್ಟಿನ್ ಕೌನಿ ಎಂಬಾತ ಅಮೆರಿಕದ ಕೋನಿ ಐಲೆಂಡ್‌ನ ಜಾತ್ರೆಯಂಥ ಜಾಗದಲ್ಲಿ 1903ರಿಂದ 1943ರವರೆಗೆ ಇಂಥ ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಒಳಗಿನ ಕೂಸುಗಳನ್ನು ಟಿಕೆಟ್ ಇಟ್ಟು ಜನರಿಗೆ ತೋರಿಸಿದ. ಆ ಹಣದಲ್ಲೇ ಸಾವಿರಾರು ಮಕ್ಕಳನ್ನು ಉಳಿಸಿದ ಎಂಬುದೂ ನಿಜ. ಆದರೆ ಗಾಜಿನ ಒಂದು ಬದಿಗೆ ಮಗು, ಇನ್ನೊಂದು ಬದಿಗೆ ನೋಡುವವರು ಎಂಬ ಏರ್ಪಾಡು ಎಷ್ಟು ಹಳೆಯದು ನೋಡಿ.

ನಾವೂ ಅದನ್ನೇ ಮುಂದುವರಿಸಿದೆವು. ನಾನು ಕೆಲಸ ಕಲಿತ ಆಸ್ಪತ್ರೆಯಲ್ಲಿ ತಾಯಂದಿರು ದಿನಕ್ಕೆರಡು ಸಲ ಕಿಟಕಿಯಾಚೆಯಿಂದ ನೋಡಿ ಹೋಗಬೇಕಿತ್ತು. ಸೋಂಕಿನ ಭಯ ಎನ್ನುತ್ತಿದ್ದೆವು. ಬಾಗಿಲಿಗೆ ಆ ಬೋರ್ಡು ಬರೆಸಿದವರಲ್ಲಿ ನಾನೂ ಒಬ್ಬಳು. ಒಂದು ಪಾಳಿಯಲ್ಲಿ ಹತ್ತು ಕೂಸುಗಳನ್ನು ಮುಟ್ಟುವ ನಮ್ಮ ಕೈಗಿಂತ, ಒಂದೇ ಮಗುವನ್ನು ಮುಟ್ಟುವ ತಾಯಿಯ ತೊಳೆದ ಕೈ ಎಷ್ಟೋ ವಾಸಿ ಎಂದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

ತಿರುವು ಬಂದದ್ದು ಬಡತನದಿಂದ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಇನ್‌ಕ್ಯುಬೇಟರಿಗೆ ಎರಡು ಮೂರು ಕೂಸುಗಳು. ಸೋಂಕು, ಸಾವು, ಜೊತೆಗೆ ಮಕ್ಕಳನ್ನು ಅಲ್ಲೇ ಬಿಟ್ಟುಹೋಗುವ ತಾಯಂದಿರು. ಡಾ. ಎಡ್ಗರ್ ರೇ ಸನಾಬ್ರಿಯಾ, ಆಮೇಲೆ ಅವರ ಜೊತೆ ಸೇರಿದ ಡಾ. ಹೆಕ್ಟರ್ ಮಾರ್ಟಿನೆಸ್, ಪೆಟ್ಟಿಗೆ ಇಲ್ಲದಿದ್ದರೆ ತಾಯಿಯ ಎದೆಯೇ ಪೆಟ್ಟಿಗೆಯಾಗಲಿ ಎಂದು ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿದರು. ಬಿಟ್ಟುಹೋಗುವವರು ಕಡಿಮೆಯಾದರು. ಅದೇ ಇಂದಿನ ಕಾಂಗರೂ ಆರೈಕೆ.

ಇದನ್ನು ಬಡವರ ಇನ್‌ಕ್ಯುಬೇಟರ್ ಎಂದು ತಳ್ಳಿಹಾಕುವವರು ಈಗಲೂ ಇದ್ದಾರೆ. ಅವರಿಗಾಗಿ ಒಂದು ಲೆಕ್ಕ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದ ಅಧ್ಯಯನವೊಂದು ಪ್ರಕಟವಾಯಿತು. ಐದು ದೇಶಗಳ ಐದು ಆಸ್ಪತ್ರೆಗಳು, ಅದರಲ್ಲಿ ನಮ್ಮ ದೆಹಲಿಯ ಸಫ್ದರ್‌ಜಂಗ್ ಕೂಡ ಒಂದು. 1 ಕಿಲೋದಿಂದ 1.8 ಕಿಲೋದೊಳಗಿನ 3,211 ಕೂಸುಗಳು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕವರಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 12, ಮೊದಲು ಪೆಟ್ಟಿಗೆಯಲ್ಲಿಟ್ಟು, ಚೇತರಿಸಿಕೊಂಡ ಮೇಲೆ ಎದೆಗೆ ಕೊಟ್ಟವರಲ್ಲಿ ಶೇ. 15.7. ಇಷ್ಟು ಸ್ಪಷ್ಟ ಲಾಭ ಕಂಡಮೇಲೆ ಉಳಿದವರಿಗೆ ತಪ್ಪಿಸುವುದು ನ್ಯಾಯವಲ್ಲವೆಂದು ಅಧ್ಯಯನವನ್ನೇ ಅವಧಿಗೆ ಮುಂಚೆ ನಿಲ್ಲಿಸಿದರು. ಅದಕ್ಕಾಗಿ ಆ ಆಸ್ಪತ್ರೆಗಳು ಮಾಡಿದ ಮುಖ್ಯ ಬದಲಾವಣೆ ಎಂದರೆ ತಾಯಿಯ ಮಂಚವನ್ನು ಎನ್‌ಐಸಿಯು ಒಳಗೇ ಹಾಕಿದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಆರೋಗ್ಯ ಇಲಾಖೆಯೊಂದಿಗೆ ಸೇರಿ, ಸರ್ಕಾರಿ ಆಸ್ಪತ್ರೆ, ಹಳ್ಳಿಮನೆ ಎರಡರಲ್ಲೂ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ದಿನಕ್ಕೆ 8 ಗಂಟೆ ಕಾಂಗರೂ ಆರೈಕೆ ಸಿಗುವಂತೆ ಮಾಡಲು ಕೆಲಸ ಮಾಡಿದ್ದಾರೆ. ಇದು ದೂರದ ದೇಶದ ಮಾತಲ್ಲ.

ಈಗ ನಾಳೆಯ ವಿಷಯ. ನೀವು ಒಳಗೆ ಹೋಗುವ ಮುನ್ನ ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಸೀಮಂತದ ಹಸಿರು ಬಳೆ ತೆಗೆಯಬಾರದೆಂದು ಮನೆಯಲ್ಲಿ ಹೇಳಿರಬಹುದು. ಬಳೆಯ ಸಂದಿಯಲ್ಲೇ ಕೊಳೆ ಕೂರುವುದು. ಹೊರಗೆ ಬಂದಮೇಲೆ ಹಾಕಿಕೊಳ್ಳಿ. ಪೆಟ್ಟಿಗೆಯ ಕಿಂಡಿ ತೆರೆದು ಕೈ ಒಳಗಿಟ್ಟಾಗ ಸವರಬೇಡಿ. ನಮಗೆಲ್ಲ ಮಗು ಕಂಡರೆ ಸವರುವುದೇ ಅಭ್ಯಾಸ. ಆದರೆ 32 ವಾರ ತುಂಬದ ಕೂಸಿನ ಚರ್ಮಕ್ಕೆ ಆ ಹಗುರ ಸವರಿಕೆ ಕಿರಿಕಿರಿ. ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಅಂಗೈಯಲ್ಲಿ ಮಡಚಿದ ಕಾಲುಗಳನ್ನು ಸೇರಿಸಿ ಹಿಡಿದು, ಅಲ್ಲಾಡಿಸದೆ ಐದು ನಿಮಿಷ ಇರಿ. ಗರ್ಭಕೋಶದ ಗೋಡೆ ಹಾಗೇ ತಾನೆ ಅವಳನ್ನು ಹಿಡಿದಿದ್ದದ್ದು. ಕೈ ತೆಗೆಯುವಾಗ ಒಂದೊಂದಾಗಿ, ನಿಧಾನಕ್ಕೆ.

ಆ ಐದು ನಿಮಿಷ ಮಾನಿಟರ್ ನೋಡಬೇಡಿ, ಅದನ್ನು ನೋಡಲು ಸಿಸ್ಟರ್ ಇದ್ದಾರೆ. ನೀವು ಮಗುವನ್ನು ನೋಡಿ. ಅವಳಿಗೆ ಸಾಕಾದಾಗ ಐದೂ ಬೆರಳು ಬಿಚ್ಚಿ ಕೈ ಅಡ್ಡ ಹಿಡಿಯುತ್ತಾಳೆ, ಮುಖ ತಿರುಗಿಸುತ್ತಾಳೆ, ಬಿಕ್ಕಳಿಸುತ್ತಾಳೆ, ಆಕಳಿಸುತ್ತಾಳೆ, ಮೈಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಆಗ ಮಾತು ನಿಲ್ಲಿಸಿ, ಕೈ ಮಾತ್ರ ಹಾಗೇ ಇಟ್ಟಿರಿ. ಹಿತವಾದಾಗ ಕೈ ಬಾಯಿಯ ಹತ್ತಿರ ತರುತ್ತಾಳೆ, ನಿಮ್ಮ ಬೆರಳು ಹಿಡಿಯುತ್ತಾಳೆ, ಉಸಿರು ಸಮವಾಗುತ್ತದೆ. ಇದು ಅವಳ ಭಾಷೆ. ಪಾಳಿ ಬದಲಾದಂತೆ ನಮ್ಮ ಮುಖಗಳು ಬದಲಾಗುತ್ತವೆ, ಹಾಗಾಗಿ ಈ ಭಾಷೆಯನ್ನು ಪೂರ್ತಿ ಕಲಿಯುವವರು ತಾಯಿ-ತಂದೆಯೇ. "ಇವತ್ತು ಯಾಕೋ ಇವಳು ಸರಿಯಿಲ್ಲ ಮೇಡಂ" ಎಂದು ತಾಯಿ ಹೇಳಿದ ದಿನ, ಸಂಜೆಯ ರಕ್ತಪರೀಕ್ಷೆಯಲ್ಲಿ ಸೋಂಕು ಕಂಡದ್ದಿದೆ.

ನಿಮ್ಮ ದನಿ ಅವಳಿಗೆ ಹೊಸದಲ್ಲ. ಆರನೇ ತಿಂಗಳಿಂದಲೇ ಹೊಟ್ಟೆಯೊಳಗೆ ಕಿವಿ ಕೇಳಲು ಶುರುವಾಗಿರುತ್ತದೆ. ಮೆಲ್ಲಗೆ ಮಾತಾಡಿ, ಜೋಗುಳ ಬಂದರೆ ಹಾಡಿ, ಬರದಿದ್ದರೆ ಮನೆಯಲ್ಲಿ ಏನು ಅಡುಗೆ ಅಂತ ಹೇಳಿ, ಅಷ್ಟೇ ಸಾಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಿವಿಯ ಹತ್ತಿರ ಇಡೀ ದಿನ ಓಡಿಸುವುದು ಬೇಡ. ಎನ್‌ಐಸಿಯುನಲ್ಲಿ ಸದ್ದು 45 ಡೆಸಿಬಲ್ ದಾಟಬಾರದೆಂಬುದು ನಿಯಮ, ನಮ್ಮ ಯಂತ್ರಗಳೇ ಅದನ್ನು ದಿನಾ ಮುರಿಯುತ್ತವೆ. ಪೆಟ್ಟಿಗೆಯ ಮೇಲೆ ಹಾಲಿನ ಬಾಟಲಿಯನ್ನು ಟಕ್ಕೆಂದು ಇಟ್ಟರೆ ಒಳಗೆ ಅದು ಗುಡುಗು.

ಮುಖ್ಯವಾದದ್ದು ಕಾಂಗರೂ ಆರೈಕೆ. ನೀವು ಬರೆದ ಸ್ಥಿತಿಯಲ್ಲಿ ಮೂಗಿನ ನಳಿಕೆಯಾಗಲಿ, ಹಾಲಿನ ಟ್ಯೂಬಾಗಲಿ ಇದಕ್ಕೆ ಅಡ್ಡಿಯಲ್ಲ. ಮಗುವನ್ನು ನೋಡುತ್ತಿರುವ ವೈದ್ಯರನ್ನು "ಕಾಂಗರೂ ಯಾವಾಗ ಶುರು ಮಾಡೋಣ?" ಎಂದು ಕೇಳಿ. "ಮಾಡಬಹುದಾ" ಎಂದು ಕೇಳಿದರೆ ಗಡಿಬಿಡಿಯಲ್ಲಿ "ಆಮೇಲೆ ನೋಡೋಣಮ್ಮ" ಎನ್ನುವ ಉತ್ತರ ಬರುತ್ತದೆ. ನನ್ನದೇ ಬಾಯಲ್ಲಿ ಬಂದಿದೆ. ಇನ್ನೂ ಹಿಂದೇಟು ಹಾಕಿದರೆ, ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಕುಟುಂಬ ಸಹಭಾಗಿ ಆರೈಕೆಯ ಮಾರ್ಗಸೂಚಿ ಹೊರಡಿಸಿದೆ ಎಂದು ನೆನಪಿಸಿ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಮಾಡಿ ನೋಡಿದ ಪದ್ಧತಿ ಅದು. ತಂದೆತಾಯಿಗೆ ತರಬೇತಿ ಕೊಟ್ಟು ಒಳಗೆ ಸೇರಿಸಿಕೊಳ್ಳಿ ಎನ್ನುತ್ತದೆ.

ಹೋಗುವಾಗ ಮುಂದೆ ತೆರೆಯುವ ನೈಟಿ ಅಥವಾ ರವಿಕೆ ಇರಲಿ. ಮಗುವಿಗೆ ನ್ಯಾಪಿ, ಟೋಪಿ, ಕಾಲುಚೀಲ ಬಿಟ್ಟರೆ ಬೇರೇನೂ ಬೇಡ. ಅರೆ ಒರಗಿದ ಕುರ್ಚಿಯಲ್ಲಿ ಕೂತು, ಎರಡು ಸ್ತನಗಳ ನಡುವೆ ಕೂಸನ್ನು ನೆಟ್ಟಗೆ ಇಡಿಸಿಕೊಳ್ಳಿ. ಕೈಕಾಲು ಕಪ್ಪೆಯ ಹಾಗೆ ಮಡಚಿರಬೇಕು, ತಲೆ ಒಂದು ಪಕ್ಕಕ್ಕೆ, ಗಲ್ಲ ಸ್ವಲ್ಪ ಮೇಲಕ್ಕೆ, ಮೂಗು ಸದಾ ಕಾಣುತ್ತಿರಬೇಕು. ಆಸ್ಪತ್ರೆಯ ಪಟ್ಟಿ ಇಲ್ಲದಿದ್ದರೆ ಒಗೆದ ಹಳೆಯ ಹತ್ತಿ ಸೀರೆ ಸಾಕು, ಅದರಷ್ಟು ಮೆತ್ತನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಕೂತರೆ ಒಂದು ಗಂಟೆಗೆ ಕಡಿಮೆ ಬೇಡ. ಪೆಟ್ಟಿಗೆಯಿಂದ ಎತ್ತಿ ತರುವುದೇ ಅವಳಿಗೆ ಆಯಾಸ, ಹತ್ತು ನಿಮಿಷಕ್ಕೆ ವಾಪಸ್ ಇಟ್ಟರೆ ಆಯಾಸವಷ್ಟೇ ಉಳಿಯುತ್ತದೆ. ದಿನಕ್ಕೆ 8 ಗಂಟೆ ಮುಟ್ಟಬೇಕೆಂಬುದು ಗುರಿ, ಮೊದಲ ವಾರ ಎರಡು ಗಂಟೆಯಾದರೂ ನಾನು ಸಂತೋಷಪಡುತ್ತೇನೆ. ನೆಗಡಿ, ಜ್ವರ ಇದ್ದ ದಿನ ಮಾತ್ರ ಬೇಡ.

ಮೊದಲ ಸಲ ಕೂತಾಗ ಏನೂ ಅನ್ನಿಸದೆ ಇರಬಹುದು. ಭಯವೇ ಹೆಚ್ಚಾಗಬಹುದು, ಇಷ್ಟು ಹಗುರವೇ ಎಂದು. ಅಳು ಬಂದರೆ ಅಳಿ. ಮಾನಿಟರ್ ಕೂಗಿದರೆ ಗಾಬರಿ ಬೇಡ. ಈ ವಾರಗಳಲ್ಲಿ ಕೂಸುಗಳು ಉಸಿರಾಡುವುದನ್ನೇ ಕೆಲವು ಸೆಕೆಂಡು ಮರೆಯುತ್ತವೆ, ಅಂಗಾಲು ಮುಟ್ಟಿದರೆ ನೆನಪಿಸಿಕೊಳ್ಳುತ್ತವೆ. 20 ಸೆಕೆಂಡು ದಾಟಿದರೆ, ಬಣ್ಣ ಬದಲಾದರೆ ಸಿಸ್ಟರ್ ಓಡಿ ಬರುತ್ತಾರೆ.

ಹಾಲಿನ ಲೆಕ್ಕ ಮಾಡೋಣ. 1,250 ಗ್ರಾಂ ಕೂಸಿಗೆ ಪೂರ್ತಿ ಹಾಲು ಎಂದರೆ ದಿನಕ್ಕೆ ಸುಮಾರು 190 ಮಿಲಿ. ನಿಮ್ಮದು ಈಗ 100. ಕೊರತೆ ನಿಮ್ಮ ಎದೆಯಲ್ಲಿಲ್ಲ, ಸಲಗಳ ಎಣಿಕೆಯಲ್ಲಿದೆ. ಹಾಲು ಖಾಲಿಯಾದಷ್ಟೂ ತಯಾರಾಗುವ ವಸ್ತು. 24 ಗಂಟೆಯಲ್ಲಿ ಎಂಟರಿಂದ ಹತ್ತು ಸಲ ಹಿಂಡಿ, ಅದರಲ್ಲಿ ಒಂದು ಸಲವಾದರೂ ನಡುರಾತ್ರಿಯಿಂದ ನಸುಕಿನೊಳಗೆ ಇರಲಿ, ಹಾಲೂರಿಸುವ ಹಾರ್ಮೋನು ಆಗಲೇ ಹೆಚ್ಚು. ಕಾಂಗರೂ ಮುಗಿಸಿದ ತಕ್ಷಣ ಅಲ್ಲೇ ಹಿಂಡಿದರೆ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಮನೆಯಲ್ಲಿ ಹಿಂಡುವಾಗ ಅವಳ ಫೋಟೊ, ಅವಳು ಮಲಗಿದ್ದ ಬಟ್ಟೆ ಪಕ್ಕದಲ್ಲಿರಲಿ. ಅಮ್ಮ ಮಾಡಿಕೊಡುವ ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಎಲ್ಲ ತಿನ್ನಿ. ಬಾಣಂತಿ ನೀರು ಕುಡಿಯಬಾರದೆಂಬ ಕಟ್ಟುಪಾಡು ಮಾತ್ರ ಬಿಡಿಸಿ. ತಿಂಗಳು ತುಂಬದೆ ಹೆತ್ತವಳ ಹಾಲಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ, ಕರುಳು ಕೊಳೆಯುವಂಥ ಕಾಯಿಲೆಯಿಂದ ಈ ಕೂಸುಗಳನ್ನು ಅದು ಕಾಯುತ್ತದೆ. ಬೆಂಗಳೂರಿನ ವಾಣಿವಿಲಾಸದಂಥ ಆಸ್ಪತ್ರೆಗಳಲ್ಲಿ ಎದೆಹಾಲಿನ ಬ್ಯಾಂಕ್ ಇದೆ, ಆದರೆ ಅದು ನಿಮ್ಮ ಹಾಲು ಸಾಲದಾಗ ಮಾತ್ರ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಕೂಡಿಬರುವುದು 34 ವಾರದ ಸುಮಾರಿಗೆ. ಅದಕ್ಕೂ ಮುಂಚೆ, ಹಿಂಡಿ ಬರಿದಾದ ಮೊಲೆಯನ್ನು ಸುಮ್ಮನೆ ಚೀಪಲು ಬಿಡಬಹುದು. ಹೊಟ್ಟೆ ತುಂಬುವುದಿಲ್ಲ, ರುಚಿ ಗೊತ್ತಾಗುತ್ತದೆ.

ಇನ್ನು ನಿಮ್ಮ ಅಮ್ಮ. ಅವರನ್ನು ಎದುರುಹಾಕಿಕೊಳ್ಳಬೇಡಿ. ಬಾಣಂತನದ ಮೂಲ ಸೂತ್ರ ಬೆಚ್ಚಗಿಡುವುದು. ಕಾಂಗರೂ ಆರೈಕೆಯ ಸೂತ್ರವೂ ಅದೇ. ಕಿವಿಗೆ ಹತ್ತಿ ಇಡಿ, ತಲೆಗೆ ಸ್ಕಾರ್ಫ್ ಕಟ್ಟಿ, ಆಟೋ ಬದಲು ಕಾರು ಸಿಕ್ಕರೆ ಕಾರು, ಬೇಕಾದ್ದು ಮಾಡಿಕೊಳ್ಳಲಿ, ಕೊನೆಗೆ ಹೊರಡಲಿ. ನಾನಾಗಿದ್ದರೆ ಅವರನ್ನೂ ಒಳಗೆ ಕರೆಸಿ, ಸಿಸ್ಟರ್ ಕೈಲಿ ಹೇಳಿಸಿ, ಅರ್ಧ ಗಂಟೆ ಅಜ್ಜಿಯ ಎದೆಗೇ ಕೂಸನ್ನು ಕೊಡಿಸುತ್ತಿದ್ದೆ. ಮರುದಿನದಿಂದ "ಹೊತ್ತಾಯ್ತು, ಹೊರಡು" ಎಂದು ನಿಮ್ಮನ್ನು ಎಬ್ಬಿಸುವವರು ಅವರೇ. ಏಳು ತಿಂಗಳದ್ದು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಅದು ತಪ್ಪು, ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಗಳಿಕೆಯೇ. ಆದರೆ ಆ ಮಾತು ಈ ಸಲ ನಿಮ್ಮ ಪರವಾಗಿರುವುದರಿಂದ ಜಗಳ ಬೇಡ.

ಒಂದು ವಿಷಯದಲ್ಲಿ ಎಚ್ಚರ. ಮಗುವಿನ ಮೇಲೆ ಮನಸ್ಸು ಕೂರದಿರುವುದು ಬೇರೆ. ಊಟ ಸೇರದೆ, ಅವಕಾಶವಿದ್ದರೂ ನಿದ್ದೆ ಬಾರದೆ, ಎಲ್ಲ ನನ್ನಿಂದಲೇ ಆಯಿತು ಎಂಬ ಯೋಚನೆ ಬಿಡದೆ, ಎರಡು ವಾರಕ್ಕೂ ಹೆಚ್ಚು ದಿನ ಕತ್ತಲೆ ಕವಿದಂತಿರುವುದು ಬೇರೆ. ಎನ್‌ಐಸಿಯು ತಾಯಂದಿರಲ್ಲಿ ಹೆರಿಗೆ ನಂತರದ ಖಿನ್ನತೆ ಉಳಿದವರಿಗಿಂತ ಹೆಚ್ಚು, ತಂದೆಯರನ್ನೂ ಅದು ಬಿಡುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಸಾಯುವ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡಿ, ಅಂದೇ ಮನೆಯವರಿಗೂ ವೈದ್ಯರಿಗೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಬಿ.ಪಿ. ಏರಿದ್ದು ನೀವು ಮಾಡಿದ ಯಾವುದರಿಂದಲೂ ಅಲ್ಲ, ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಿರಲಾರರು.

ಮುಂದಿನ ತಿಂಗಳುಗಳಿಗೆ ಎರಡು ಮಾತು. ಹುಟ್ಟಿ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು, ಅವಳು ಚೆನ್ನಾಗಿ ಕಂಡರೂ ಸರಿಯೇ. ಬೆಂಗಳೂರಿನ ನಾರಾಯಣ ನೇತ್ರಾಲಯ ಇದಕ್ಕಾಗಿಯೇ ಕಿಡ್‌ರಾಪ್ ಎಂಬ ಯೋಜನೆಯಡಿ ಜಿಲ್ಲೆಗಳ ಎನ್‌ಐಸಿಯುಗಳಿಗೆ ಕ್ಯಾಮೆರಾ ಕಳಿಸುತ್ತದೆ, ನಿಮ್ಮ ಆಸ್ಪತ್ರೆಗೆ ಬರುತ್ತದೆಯೇ ಕೇಳಿ. ಇನ್ನೊಂದು, ವಯಸ್ಸಿನ ಲೆಕ್ಕ. ಅವಳು 10 ವಾರ ಮುಂಚೆ ಬಂದಿದ್ದಾಳೆ. ಲಸಿಕೆಗೆ ಹುಟ್ಟಿದ ತಾರೀಖೇ ಲೆಕ್ಕ, ಆದರೆ ನಗು, ಕತ್ತು ನಿಲ್ಲುವುದು, ಮಗುಚುವುದಕ್ಕೆಲ್ಲ ಆ 10 ವಾರ ಕಳೆದು ನೋಡಬೇಕು. ಪಕ್ಕದ ಮನೆಯ ಮಗು ಎರಡು ತಿಂಗಳಿಗೆ ಮುಖ ನೋಡಿ ನಕ್ಕರೆ ನಿಮ್ಮವಳು ನಾಲ್ಕು ತಿಂಗಳ ಹೊತ್ತಿಗೆ ನಗಬಹುದು. ಆ ಎರಡು ತಿಂಗಳು ಅವಳಿಗೆ ನಾನು ಬೇಡವೇನೋ ಎಂದುಕೊಂಡು ಕೂತ ತಾಯಂದಿರನ್ನು ನೋಡಿದ್ದೇನೆ, ಅದಕ್ಕೇ ಈಗಲೇ ಬರೆದಿಟ್ಟೆ.

ನಿಮ್ಮ ಯಜಮಾನರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಬಹುಶಃ ಬಿಲ್ಲು, ಔಷಧಿ ಚೀಟಿ ಹಿಡಿದು ಕೌಂಟರಿಂದ ಕೌಂಟರಿಗೆ ಓಡಾಡುತ್ತಿರಬೇಕು. ಗಂಡಸಿನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ನಾಳೆ ಮುಂದೆ ಗುಂಡಿಯಿರುವ ಶರ್ಟ್ ಹಾಕಿಕೊಂಡು, ಸೆಂಟ್ ಪೂಸಿಕೊಳ್ಳದೆ ನಿಮ್ಮ ಜೊತೆ ಬರಲಿ. ನೀವು ಎದ್ದು ಹಾಲು ಹಿಂಡಲು ಹೋದಾಗ ಆ ಕುರ್ಚಿ ಖಾಲಿ ಇರುತ್ತದಲ್ಲ.